ಮನೆಯ ವೈದ್ಯರು ಮತ್ತು ಮೈದಾನದ ಮಕ್ಕಳು

ಗುಡೂರಿನಂಥ ನಮ್ಮ ಊರುಗಳಲ್ಲಿ ಬೆಳಗು ಎರಡು ಸಪ್ಪಳಗಳಿಂದ ಆರಂಭವಾಗುತ್ತದೆ. ಒಂದು, ಓಣಿಯೊಳಗಿನ ಮಗ್ಗದ ಸಪ್ಪಳ. ಇನ್ನೊಂದು, ಊರ ಹೊರಗಿನ ರಸ್ತೆಯ ಮೇಲೆ ಓಡುವ ತರುಣರ ಹೆಜ್ಜೆಯ ಸಪ್ಪಳ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವ ಈ ಸೀಮೆಯ ಮನೆಗಳಲ್ಲಿ ಹಿರಿಯರು ಮಗ್ಗಕ್ಕೆ ಇಳಿಯುವ ಹೊತ್ತಿಗೆ ಮಕ್ಕಳು ರಸ್ತೆಗೆ ಇಳಿದಿರುತ್ತಾರೆ. ಪೊಲೀಸ್ ಇಲಾಖೆಯ ಭರ್ತಿಗೆ, ಸೈನ್ಯದ ಭರ್ತಿಗೆ ಓಟ ಕಲಿಯುವವರು ಕೆಲವರು. ಕಬಡ್ಡಿ, ಖೊಖೊ ಆಡುವವರು ಕೆಲವರು. ಜಾತ್ರೆಯಲ್ಲಿ ಭಾರ ಎತ್ತಿ ಊರಿನ ಮರ್ಯಾದೆ ಉಳಿಸಬೇಕೆಂದು ದಂಡ-ಬೈಠಕ್ ಹೊಡೆಯುವವರು ಇನ್ನು ಕೆಲವರು.

ಇವರಿಗಾಗಿ ತಾಯಂದಿರು ಶೇಂಗಾ ನೆನೆಯಿಡುತ್ತಾರೆ, ಹಾಲು ಕಾಸಿಡುತ್ತಾರೆ. ತಂದೆಯವರು ಸಾಲ ಮಾಡಿಯಾದರೂ ಬೂಟು ಕೊಡಿಸುತ್ತಾರೆ. ಇಷ್ಟೆಲ್ಲ ಅಕ್ಕರೆಯ ನಡುವೆ ಒಂದು ಪ್ರಶ್ನೆ ಮಾತ್ರ ಕೇಳದೆ ಉಳಿಯುತ್ತದೆ: ಈ ಮಗುವಿನ ದೇಹ ಈ ಶ್ರಮಕ್ಕೆ ಸಿದ್ಧವಾಗಿದೆಯೇ? ಈ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕು, ಯಾವಾಗ ಇಡಬೇಕು ಎಂಬುದನ್ನು ವಾಚಕ ಬಂಧುಗಳೊಡನೆ ವಿಚಾರ ಮಾಡಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮನೆಯ ವೈದ್ಯರೆಂದರೆ ಯಾರು?

ಮೊದಲು ಪ್ರತಿ ಊರಿಗೂ, ಪ್ರತಿ ಓಣಿಗೂ ‘ನಮ್ಮ ಡಾಕ್ಟರು’ ಎಂದು ಕರೆಸಿಕೊಳ್ಳುವ ಒಬ್ಬರು ಇರುತ್ತಿದ್ದರು. ಅಜ್ಜನ ದಮ್ಮು, ಅವ್ವನ ರಕ್ತದೊತ್ತಡ, ಸೊಸೆಯ ಹೆರಿಗೆ, ಮೊಮ್ಮಗನ ದಡಾರ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಮನೆಯಲ್ಲಿ ಜಗಳವಾದದ್ದೂ ಬೆಳೆ ಕೈಕೊಟ್ಟದ್ದೂ ಅವರ ಕಿವಿಗೆ ಬಿದ್ದಿರುತ್ತಿತ್ತು. ಆದ್ದರಿಂದ ರೋಗಿಯು ಬಾಗಿಲಲ್ಲಿ ಕಾಲಿಡುವಾಗಲೇ ಅರ್ಧ ರೋಗ ಅವರಿಗೆ ತಿಳಿಯುತ್ತಿತ್ತು. ಇಂದು ತಜ್ಞರು ಹೆಚ್ಚಾಗಿದ್ದಾರೆ. ಅದು ಸಂತೋಷದ ಸಂಗತಿಯೇ. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವು 2002ರಲ್ಲಿ ಆರಂಭವಾದ ಮೇಲೆ ದೊಡ್ಡ ಚಿಕಿತ್ಸೆಗಾಗಿ ದೂರದ ಊರಿಗೆ ಹೋಗುವ ಕಷ್ಟ ನಮ್ಮ ಭಾಗದ ಜನರಿಗೆ ಬಹಳಷ್ಟು ತಗ್ಗಿದೆ. ಆದರೆ ತಜ್ಞರು ನೋಡುವುದು ಒಂದು ಅಂಗವನ್ನು, ಒಂದು ದಿನ. ಮನೆಯ ವೈದ್ಯರು ನೋಡುವುದು ಇಡೀ ಮನುಷ್ಯನನ್ನು, ಹತ್ತಾರು ವರ್ಷ. ಈ ಎರಡೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಈ ಮಾತನ್ನು ಜಗತ್ತು ಒಪ್ಪಿಕೊಂಡು ಬಹಳ ಕಾಲವಾಯಿತು. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ-ಅಟಾ ನಗರದಲ್ಲಿ ಸೇರಿದ ರಾಷ್ಟ್ರಗಳು, ಆರೋಗ್ಯ ಸೇವೆಯು ಜನರು ಬಾಳುವ ಮತ್ತು ದುಡಿಯುವ ಸ್ಥಳಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿ ಇರಬೇಕೆಂದೂ ರೋಗವನ್ನು ತಡೆಯುವುದೂ ಅದರ ಕೆಲಸವಾಗಬೇಕೆಂದೂ ಘೋಷಿಸಿದವು. ನಮ್ಮ ನಾಡಿಗೆ ಇದು ಹೊಸ ಪಾಠವೇನಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಕಣ್ಣಿನ ರೋಗಿಗಳು ತಮ್ಮಲ್ಲಿಗೆ ಬರಲೆಂದು ಕಾಯದೆ ಊರೂರಿಗೆ ಹೋಗಿ ಶಿಬಿರ ನಡೆಸಿದರು. ಬೆಂಗಳೂರಿನ ವೈದ್ಯರಾದ ಡಾ. ರಮಣರಾವ್ ಅವರು 1970ರ ದಶಕದಿಂದ ನೆಲಮಂಗಲದ ಸಮೀಪದ ಟಿ. ಬೇಗೂರಿನಲ್ಲಿ ಭಾನುವಾರದ ಉಚಿತ ಚಿಕಿತ್ಸಾಲಯವನ್ನು ನಡೆಸಿಕೊಂಡು ಬಂದವರು. ಅವರು ಬರಿಯ ಔಷಧಿ ಕೊಟ್ಟು ಸುಮ್ಮನಾಗದೆ ಸುತ್ತಲಿನ ಹಳ್ಳಿಗಳಲ್ಲಿ ಶೌಚಾಲಯ ಕಟ್ಟಿಸುವ ಕೆಲಸಕ್ಕೂ ಕೈಹಾಕಿದರು. ಅವರಿಗೆ 2010ರಲ್ಲಿ ಪದ್ಮಶ್ರೀ ಗೌರವ ಸಂದಿತು. ಶರಣರ ಕಾಲದಲ್ಲಿಯೂ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಕೈಗೊಂಡು, ರೋಗ ಮತ್ತು ಔಷಧಿಗಳ ಪರಿಭಾಷೆಯಲ್ಲಿಯೇ ಅನುಭಾವವನ್ನು ಹೇಳಿದವರು. ದೇಹವನ್ನೇ ದೇಗುಲವೆಂದು ಬಗೆದ ಪರಂಪರೆಗೆ ಸೇರಿದ ನಾವು, ಆ ದೇಗುಲದ ಗೋಡೆ ಬಿರುಕು ಬಿಡುವವರೆಗೆ ಕಾಯುವುದು ತರವೇ?

ಗಟ್ಟಿಯಾದ ಮೈ, ಕಾಣದ ದೋಷ

2021ರ ಅಕ್ಟೋಬರ್ 29ರ ಬೆಳಗನ್ನು ಕನ್ನಡಿಗರು ಮರೆಯಲಾರರು. ನಟ ಪುನೀತ್ ರಾಜ್‌ಕುಮಾರ್ ಅವರು ಅಂದು ಅಸ್ವಸ್ಥರಾಗಿ ಮೊದಲು ತಮ್ಮ ಕುಟುಂಬ ವೈದ್ಯರ ಬಳಿಗೆ ಹೋದರು, ಅಲ್ಲಿಂದ ಆಸ್ಪತ್ರೆಗೆ ಸಾಗಿಸಲಾಯಿತು. ಆದರೂ ಜೀವ ಉಳಿಯಲಿಲ್ಲ. ಅವರಿಗೆ ಆಗ 46 ವರ್ಷ. ನಿತ್ಯ ವ್ಯಾಯಾಮ ಮಾಡುವ, ನಾಡಿನ ತರುಣರಿಗೆ ಕಸರತ್ತಿನ ಹುಚ್ಚು ಹತ್ತಿಸಿದ ದೇಹ ಅದು. ಅಂಥವರಿಗೇ ಹೀಗಾದರೆ ನಮ್ಮ ಗತಿಯೇನೆಂದು ಜನ ತಲ್ಲಣಿಸಿದರು. ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಪರೀಕ್ಷೆಗಾಗಿ ಬಂದವರ ಸಂಖ್ಯೆ ಒಮ್ಮೆಲೇ ಏರಿತು. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗಲೂ ಅದೇ ದೃಶ್ಯ: ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲಿಯೇ ಸಾಲು ನಿಂತ ಜನ.

ಆ ಭಯ ಸಹಜವಾದುದು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಭಯಕ್ಕೆ ಆಯುಷ್ಯ ಬಹಳ ಕಡಿಮೆ. ಹದಿನೈದು ದಿನಗಳಲ್ಲಿ ಸಾಲು ಕರಗುತ್ತದೆ, ಚೀಟಿ ಕಪಾಟಿನಲ್ಲಿ ಸೇರುತ್ತದೆ. ಒಂದು ದಿನದ ಇ.ಸಿ.ಜಿ. ಸರಿಯಾಗಿದೆಯೆಂದು ಬಂದವರು ಮರುದಿನದಿಂದ ಮತ್ತೆ ಗುಟ್ಕಾದ ಚೀಟು ಹರಿಯುತ್ತಾರೆ. ದೊಡ್ಡ ಆಸ್ಪತ್ರೆಯ ಮುಂದೆ ಒಂದು ಮುಂಜಾನೆ ನಿಲ್ಲುವುದಕ್ಕಿಂತ ಸಣ್ಣ ದವಾಖಾನೆಯ ಬಾಕಿನ ಮೇಲೆ ವರ್ಷಕ್ಕೊಮ್ಮೆ ಕುಳಿತುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಇದೇ ನಾವು ಹೇಳಬೇಕಾಗಿರುವ ಮುಖ್ಯ ಮಾತು.

ಗಟ್ಟಿಯಾದ ಮೈಯೊಳಗೆ ದೋಷ ಹೇಗೆ ಅಡಗಿರುತ್ತದೆ ಎಂದು ಕೇಳಬಹುದು. ಮೂವತ್ತೈದು ವಯಸ್ಸು ದಾಟಿದವರಲ್ಲಿ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಕೊಬ್ಬು ಕಟ್ಟುವುದೇ ಮುಖ್ಯ ಕಾರಣ. ಅದಕ್ಕಿಂತ ಎಳೆಯರಲ್ಲಿ ಹುಟ್ಟಿನಿಂದಲೇ ಬಂದ ದೋಷಗಳು ಕಾರಣವಾಗುವುದುಂಟು. ಅವುಗಳಲ್ಲಿ ಒಂದು, ಹೃದಯದ ಸ್ನಾಯು ಅತಿಯಾಗಿ ದಪ್ಪಗಾಗುವ ಕಾಯಿಲೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರಬಹುದೆಂದು ಅಂದಾಜು. ಇಂಥವರಲ್ಲಿ ಬಹಳ ಜನ ಏನೂ ತೊಂದರೆಯಿಲ್ಲದೆ ಬಾಳುತ್ತಾರೆ. ಕೆಲವರಿಗೆ ಮಾತ್ರ ಮಿತಿಮೀರಿದ ಶ್ರಮದ ನಡುವೆ ಹೃದಯದ ತಾಳ ತಪ್ಪುತ್ತದೆ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50. ಅಂದರೆ ಈ ರೋಗದ ಸುಳಿವು ಯಂತ್ರದಲ್ಲಿ ಕಾಣುವುದಕ್ಕಿಂತ ಮೊದಲು ಮನೆತನದ ಕಥೆಯಲ್ಲಿಯೇ ಸಿಕ್ಕುತ್ತದೆ. ಆ ಕಥೆಯನ್ನು ಬಲ್ಲವರು ಮನೆಯ ವೈದ್ಯರೇ ಅಲ್ಲವೇ?

ಓಟಕ್ಕೆ ಮೊದಲು ಐದು ಪ್ರಶ್ನೆ

ಒಬ್ಬ ತರುಣನು ಭರ್ತಿಯ ಓಟಕ್ಕೆ ಸಿದ್ಧನಾಗುತ್ತಿದ್ದಾನೆಂದು ಭಾವಿಸೋಣ. ತಾಯಿ ಅವನನ್ನು ಮನೆಯ ವೈದ್ಯರಲ್ಲಿಗೆ ಕರೆತಂದು, “ಡಾಕ್ಟರ್ರೀ, ನಮ್ಮ ಹುಡುಗ ಓಡಾಕ ಹೊಂಟಾನ್ರಿ, ಒಂದಿಷ್ಟು ನೋಡ್ರಿ” ಎನ್ನುತ್ತಾಳೆ. ವೈದ್ಯರು ಕೇಳುವ ಪ್ರಶ್ನೆಗಳು ಬಹಳ ಸರಳ. ಓಡುವಾಗ ಅಥವಾ ಆಡುವಾಗ ಎಂದಾದರೂ ಎಚ್ಚರ ತಪ್ಪಿ ಬಿದ್ದದ್ದುಂಟೆ? ಶ್ರಮದ ವೇಳೆಯಲ್ಲಿ ಎದೆಯಲ್ಲಿ ನೋವು ಅಥವಾ ಬಿಗಿತ ಬಂದದ್ದುಂಟೆ? ಸರೀಕ ಹುಡುಗರಿಗಿಂತ ಬೇಗನೆ ದಮ್ಮು ಹತ್ತುವುದೇ, ಎದೆ ವಿಪರೀತ ಹೊಡೆದುಕೊಳ್ಳುವುದೇ? ಮನೆತನದಲ್ಲಿ ಯಾರಾದರೂ 50 ವರ್ಷದೊಳಗೆ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಹಿಂದೆ ಯಾರಾದರೂ ವೈದ್ಯರು ಹೃದಯದಲ್ಲಿ ಸಪ್ಪಳವಿದೆ ಎಂದೋ ರಕ್ತದೊತ್ತಡ ಹೆಚ್ಚಿದೆ ಎಂದೋ ಹೇಳಿದ್ದುಂಟೆ?

ಆಮೇಲೆ ವೈದ್ಯರು ಹುಡುಗನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಎದೆಯ ಸಪ್ಪಳ ಕೇಳುತ್ತಾರೆ, ನಾಡಿ ಹಿಡಿಯುತ್ತಾರೆ, ರಕ್ತದೊತ್ತಡ ನೋಡುತ್ತಾರೆ. ಎಲ್ಲವೂ ನೆಟ್ಟಗಿದ್ದರೆ ಬೆನ್ನು ತಟ್ಟಿ ಕಳಿಸುತ್ತಾರೆ. ಒಂದು ಪ್ರಶ್ನೆಗಾದರೂ ‘ಹೌದು’ ಎಂಬ ಉತ್ತರ ಬಂದರೆ ಇ.ಸಿ.ಜಿ., ಎಕೊ ಪರೀಕ್ಷೆಗಳಿಗಾಗಿ ಹೃದ್ರೋಗ ತಜ್ಞರಲ್ಲಿಗೆ ಚೀಟಿ ಬರೆಯುತ್ತಾರೆ. ಇದಕ್ಕೆ ಹಿಡಿಯುವ ಸಮಯ ಅರ್ಧ ತಾಸು.

ಇಲ್ಲಿ ತಾಯಿತಂದೆಯವರ ಪ್ರಾಮಾಣಿಕತೆ ಬಹಳ ದೊಡ್ಡದು. ನಾಲ್ಕನೆಯ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸರಿಯಾದ ಉತ್ತರ ಸಿಕ್ಕುವುದು ಅಪರೂಪ. ಚಿಕ್ಕವಯಸ್ಸಿನಲ್ಲಿ ಹೋದ ಕಾಕಾನ ವಿಷಯವನ್ನು ಯಾರೂ ಎತ್ತುವುದಿಲ್ಲ. ಎತ್ತಿದರೂ ‘ಗಾಳಿ ಸೋಕಿತ್ತು’, ‘ಅವನ ಋಣ ಅಷ್ಟೇ ಇತ್ತು’ ಎಂದು ಮುಚ್ಚಿಬಿಡುತ್ತೇವೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ ಒಂದು ಕಡೆ, ಭರ್ತಿಯಲ್ಲಿ ಮಗ ಹಿಂದೆ ಬಿದ್ದಾನೆಂಬ ಅಂಜಿಕೆ ಇನ್ನೊಂದು ಕಡೆ. ಈ ಮೌನದ ಬೆಲೆಯನ್ನು ಕೆಲವೊಮ್ಮೆ ಮಗನೇ ತೆರಬೇಕಾಗುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಝಾರ್ಖಂಡ ರಾಜ್ಯದಲ್ಲಿ ಅಬಕಾರಿ ಪೇದೆಗಳ ಭರ್ತಿಗಾಗಿ ನಡೆದ 10 ಕಿಲೋಮೀಟರ್ ಓಟದ ಪರೀಕ್ಷೆಗಳ ವೇಳೆಯಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವು ಓದಿದ್ದೇವೆ. ಅವರೆಲ್ಲ ನೌಕರಿಯ ಆಸೆಯಿಂದ ಬಂದ ಬಡಮನೆಗಳ ಮಕ್ಕಳು. ಹೊಟ್ಟೆಯ ದಾರಿ ಹುಡುಕಿಕೊಂಡು ಓಡುವ ನಮ್ಮ ಮಕ್ಕಳೂ ಅವರಂಥವರೇ.

ಪರೀಕ್ಷೆಯಿಂದ ಫಲವುಂಟೆ ಎಂಬ ಸಂದೇಹಕ್ಕೆ ಇಟಲಿ ದೇಶ ಉತ್ತರ ಕೊಟ್ಟಿದೆ. ಅಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬ ಕ್ರೀಡಾಪಟುವಿಗೂ ವೈದ್ಯರ ಪರೀಕ್ಷೆ ಕಡ್ಡಾಯವಾಯಿತು. ವೆನೆತೊ ಪ್ರಾಂತದ ವೈದ್ಯರು 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಎಳೆಯ ಕ್ರೀಡಾಪಟುಗಳ ಹಠಾತ್ ಮರಣವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತು. ಎಲ್ಲರಿಗೂ ಇ.ಸಿ.ಜಿ. ಬೇಕೇ ಬೇಡವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಮೇಲಿನ ಪ್ರಶ್ನೆಗಳನ್ನು ಕೇಳಬೇಕು, ಎದೆಯ ಸಪ್ಪಳ ಕೇಳಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಬಿಸಿಲು, ಜ್ವರ, ಪೆಟ್ಟು

ಹೃದಯದ ಮಾತು ದೊಡ್ಡದೇ. ಆದರೆ ಮೈದಾನದ ಮಕ್ಕಳಿಗೆ ದಿನನಿತ್ಯ ಕಾಡುವ ಅಪಾಯಗಳು ಬೇರೆಯೂ ಇವೆ. ಅವುಗಳಲ್ಲಿ ನಮ್ಮ ಸೀಮೆಗೆ ಮೊದಲನೆಯದು ಬಿಸಿಲು. ಚೈತ್ರ ವೈಶಾಖಗಳಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿಯನ್ನು ಮುಟ್ಟುವುದುಂಟು. ಆಗ ಹಗಲು ಹತ್ತರ ಮೇಲೆ ಓಡುವುದು ಶೌರ್ಯವೆನಿಸಲಾರದು. ಓಟಗಾರನು ತೊದಲುತ್ತ, ತೂರಾಡುತ್ತ, ಗೊತ್ತುಗುರಿಯಿಲ್ಲದೆ ಮಾತನಾಡತೊಡಗಿದರೆ ಅದು ಬಿಸಿಲಿನ ಹೊಡೆತ. ಅಂಥವನನ್ನು ತಕ್ಷಣ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯಬೇಕು, ಗಾಳಿ ಹಾಕಬೇಕು. ತಂಪು ಮಾಡುವ ಕೆಲಸ ಮೊದಲು, ಸಾಗಿಸುವ ಕೆಲಸ ಆಮೇಲೆ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು. ಎಚ್ಚರವಿರುವ ದಣಿದವನಿಗೆ ನಮ್ಮ ಮನೆಯ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯ ಪಾನೀಯ.

ಎರಡನೆಯದು ಜ್ವರ. ಜ್ವರ ಬಂದಾಗ ಬೆವರು ಬರುವಂತೆ ಓಡಿದರೆ ಜ್ವರ ಬಿಡುತ್ತದೆ ಎಂಬ ನಂಬಿಕೆ ಹುಡುಗರಲ್ಲಿದೆ. ಇದು ಅಪಾಯದ ನಂಬಿಕೆ. ಕೆಲವು ವಿಷಮ ಜ್ವರಗಳಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ತಗಲುತ್ತದೆ. ಆ ಸಮಯದ ಶ್ರಮ ಜೀವಕ್ಕೆ ಎರವಾಗಬಲ್ಲದು. ಜ್ವರ ಬಿಟ್ಟ ಮೇಲೆಯೂ ಮತ್ತೆ ಯಾವಾಗ ಓಡಬೇಕೆಂಬುದನ್ನು ವೈದ್ಯರೇ ಹೇಳಲಿ.

ಮೂರನೆಯದು ಪೆಟ್ಟು. ಕಬಡ್ಡಿಯಲ್ಲಿ, ಕುಸ್ತಿಯಲ್ಲಿ ತಲೆಗೆ ಪೆಟ್ಟಾಗಿ ಕಣ್ಣು ಕತ್ತಲೆ ಬಂದರೆ, ವಾಂತಿಯಾದರೆ, ನಡೆದದ್ದು ನೆನಪಾಗದಿದ್ದರೆ ಆ ದಿನ ಅವನು ಮತ್ತೆ ಅಂಗಳಕ್ಕೆ ಇಳಿಯಕೂಡದು, ಪಂದ್ಯ ಎಷ್ಟೇ ದೊಡ್ಡದಿರಲಿ. ಮಣ್ಣಿನಲ್ಲಿ ಆಡುವವರು ಧನುರ್ವಾಯುವಿನ ಚುಚ್ಚುಮದ್ದನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಂಡಿರಬೇಕು. ಗರಡಿಮನೆಯ ಹಳೆಯ ವಸ್ತಾದರು ಶಿಷ್ಯನ ಮೈಯನ್ನು ಅಂಗೈಯಂತೆ ಬಲ್ಲವರಾಗಿದ್ದರು. ಸೋತ ಮೈಯವನನ್ನು ಕಣಕ್ಕೆ ಬಿಡುತ್ತಿರಲಿಲ್ಲ. ಇಂದಿನ ತರಬೇತುದಾರರೂ ಮನೆಯ ವೈದ್ಯರೂ ಪರಸ್ಪರ ಮಾತನಾಡಿದರೆ ಆ ಹಳೆಯ ಎಚ್ಚರ ಮರಳಿ ಬರುತ್ತದೆ.

ಹೆಣ್ಣುಮಕ್ಕಳ ಆಟ, ಮನೆಯ ಊಟ

ನಮ್ಮ ಹೆಣ್ಣುಮಕ್ಕಳು ಖೊಖೊದಲ್ಲಿ, ಓಟದಲ್ಲಿ, ಸೈಕಲ್ ಸ್ಪರ್ಧೆಯಲ್ಲಿ ಹೆಸರು ಮಾಡುತ್ತಿರುವುದು ಹೆಮ್ಮೆಯ ಮಾತು. ಆದರೆ ಓಟದಲ್ಲಿ ಹಿಂದೆ ಬೀಳುವ ಹುಡುಗಿಗೆ ಸೋಮಾರಿತನದ ಪಟ್ಟ ಕಟ್ಟುವ ಮೊದಲು ಅವಳ ರಕ್ತವನ್ನು ಪರೀಕ್ಷಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿರುವ ಮಗಳು ಎಷ್ಟು ಹುರಿದುಂಬಿಸಿದರೂ ಎಲ್ಲಿಂದ ಓಡಿಯಾಳು? ಕಠಿಣ ಅಭ್ಯಾಸದಲ್ಲಿರುವ ಹುಡುಗಿಗೆ ಮುಟ್ಟು ಕೆಲವು ತಿಂಗಳು ನಿಂತರೆ ಅದನ್ನೂ ನಾಚಿಕೆಯಿಂದ ಮುಚ್ಚಿಡಬಾರದು. ಉಂಡದ್ದು ಶ್ರಮಕ್ಕೆ ಸಾಲುತ್ತಿಲ್ಲವೆಂಬ ಸೂಚನೆ ಅದಾಗಿರಬಹುದು. ಹಾಗೇ ಬಿಟ್ಟರೆ ಎಲುಬು ಸವೆಯುತ್ತದೆ. ಅವ್ವನಿಗೆ ಹೇಳಲು ಅಂಜುವ ಮಾತನ್ನು ಮಗಳು ಪರಿಚಯದ ವೈದ್ಯರಿಗೆ ಹೇಳಬಲ್ಲಳು. ಪರಿಚಯದ ಬೆಲೆ ಅಂಥದು.

ಶಾಕಾಹಾರಿಗಳಾದ ನಮ್ಮ ಮನೆಗಳಿಗೆ ಇಲ್ಲಿ ಎರಡು ಮಾತು. ಜೋಳದ ರೊಟ್ಟಿ, ಮಡಕಿ ಹೆಸರುಗಳ ಮೊಳಕೆಕಾಳು, ಮೆಂತ್ಯ ರಾಜಗಿರಿ ಪಲ್ಲೆ, ಶೇಂಗಾ ಹಿಂಡಿ, ಮೊಸರು ಇವು ಆಟಗಾರನಿಗೆ ಯಾವ ಡಬ್ಬಿಯ ಪುಡಿಗೂ ಕಡಿಮೆಯಲ್ಲದ ಆಹಾರ. ಪಲ್ಲೆಯ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅದರೊಳಗಿನ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಇನ್ನು ಬಿ-12 ಎಂಬ ಜೀವಸತ್ವ ಕಾಳುಪಲ್ಲೆಗಳಲ್ಲಿ ದೊರೆಯುವುದಿಲ್ಲ. ಶಾಕಾಹಾರಿಗೆ ಹಾಲು ಮೊಸರುಗಳೇ ಅದರ ಮೂಲ. ಕೈಕಾಲು ಜೋಮು ಹಿಡಿಯುವುದು, ಸದಾ ದಣಿವು, ನಾಲಿಗೆ ಉರಿ ಇದ್ದರೆ ಬಿ-12 ಪರೀಕ್ಷೆ ಮಾಡಿಸಬೇಕೆ ಎಂದು ವೈದ್ಯರನ್ನು ಕೇಳುವುದು ಲೇಸು.

ಪುಡಿ, ಸೂಜಿ ಮತ್ತು ಜೋಳಿಗೆ

ಪಟ್ಟಣದ ವ್ಯಾಯಾಮಶಾಲೆಗಳ ಮೂಲಕ ಒಂದು ಹೊಸ ಚಟ ಹಳ್ಳಿಗಳಿಗೂ ಕಾಲಿಡುತ್ತಿದೆ. ಆರು ತಿಂಗಳಲ್ಲಿ ಮೈ ಹುರಿಗೊಳಿಸುವ ಸೂಜಿ, ಹೆಸರಿಲ್ಲದ ಪುಡಿ, ಪಂದ್ಯಕ್ಕೆ ಮುನ್ನ ನುಂಗುವ ನೋವಿನ ಮಾತ್ರೆ. ಸ್ಟೆರಾಯ್ಡ್ ಸೂಜಿಯಿಂದ ತೋಳು ಉಬ್ಬುವುದು ನಿಜ; ಅದರ ಜೊತೆಗೆ ರಕ್ತದೊತ್ತಡ ಏರುತ್ತದೆ, ಹೃದಯ ದಪ್ಪಗಾಗುತ್ತದೆ, ಯಕೃತ್ತು ಕೆಡುತ್ತದೆ, ಸಂತಾನ ಶಕ್ತಿ ಕುಂದುತ್ತದೆ. ಮೈಯಲ್ಲಿ ನೀರು ಬತ್ತಿದಾಗ ನುಂಗಿದ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಔಷಧಿ ಅಂಗಡಿಗೆ ಹೋಗುವ ಮೊದಲು ಮನೆಯ ವೈದ್ಯರನ್ನು ಒಂದು ಮಾತು ಕೇಳುವ ರೂಢಿಯೇ ಇದಕ್ಕೆ ತಡೆ.

ವ್ಯಸನದ ಮಾತು ಬಂದಾಗ ಇಳಕಲ್ಲಿನ ಜೋಳಿಗೆಯನ್ನು ನೆನೆಯದಿರಲಾಗದು. ಚಿತ್ತರಗಿ-ಇಳಕಲ್ಲ ವಿಜಯ ಮಹಾಂತೇಶ ಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಓಣಿ ಓಣಿಗೆ ಹೊರಟರು. ಅವರು ಬೇಡಿದ್ದು ಕಾಳನ್ನಲ್ಲ, ಹಣವನ್ನಲ್ಲ. ಸೆರೆ, ಬೀಡಿ, ತಂಬಾಕಿನ ಚಟಗಳನ್ನು. ‘ಮಹಾಂತ ಜೋಳಿಗೆ’ಗೆ ಚಟ ಹಾಕಿ ಮನೆಗೆ ಮರಳಿದ ಸಂಸಾರಗಳು ಎಷ್ಟೋ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಣೆಗೆ ತಂದಿದೆ. ರೋಗ ಬರುವ ಮುನ್ನವೇ ಅದರ ಬೇರನ್ನು ಕೀಳುವ ವೈದ್ಯ ಇದಲ್ಲದೆ ಇನ್ನೇನು? ಸ್ವಾಮಿಗಳ ಜೋಳಿಗೆಗೆ ಚಟ ಹಾಕಿದವನನ್ನು ತಿಂಗಳಿಗೊಮ್ಮೆ ಕರೆದು, ‘ಹೇಗಿದ್ದೀರಿ, ಮತ್ತೆ ಆಸೆಯಾಯಿತೆ’ ಎಂದು ಕೇಳಿ ಕೈಹಿಡಿದು ನಡೆಸುವವರು ಮನೆಯ ವೈದ್ಯರು. ಮಠವು ಸಂಕಲ್ಪ ಕೊಡುತ್ತದೆ, ವೈದ್ಯರು ಆ ಸಂಕಲ್ಪಕ್ಕೆ ಕಾವಲಾಗುತ್ತಾರೆ.

ಆಡದವರಿಗೂ ಉಂಟು ಪರೀಕ್ಷೆ

ಮಗನನ್ನು ಮೈದಾನಕ್ಕೆ ಕಳಿಸುವ ತಂದೆ ತನ್ನ ಮೈಯನ್ನು ಮರೆಯಬಾರದು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವೊಂದು ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ರಕ್ತದೊತ್ತಡವೂ ಮಧುಮೇಹವೂ ಬಾಗಿಲು ಬಡಿದು ಬರುವ ರೋಗಗಳಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಇವೆರಡನ್ನು ನೋಡಿಸಬೇಕು. ಸರಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಈ ಪರೀಕ್ಷೆ ಉಚಿತ.

ಮಕ್ಕಳ ಗಂಟಲುನೋವನ್ನೂ ಹಗುರವಾಗಿ ಎಣಿಸಬಾರದು. ಒಂದು ಬಗೆಯ ಗಂಟಲು ಸೋಂಕಿಗೆ ಹೊತ್ತಿಗೆ ಸರಿಯಾಗಿ ಪೆನ್ಸಿಲಿನ್ ಜಾತಿಯ ಔಷಧಿ ಕೊಡದಿದ್ದರೆ ಕೆಲವು ಮಕ್ಕಳಲ್ಲಿ ಅದು ಕೀಲುಗಳಿಗೆ ಇಳಿದು, ಕೊನೆಗೆ ಹೃದಯದ ಕವಾಟಗಳನ್ನು ಹಾಳುಮಾಡುತ್ತದೆ. ಇಪ್ಪತ್ತರ ತರುಣನ ಕೆಟ್ಟ ಕವಾಟದ ಮೂಲ ಎಂಟು ವರ್ಷದ ಬಾಲಕನ ಗಂಟಲಿನಲ್ಲಿ ಇರಬಹುದು. ಇಷ್ಟು ವರ್ಷಗಳ ಅಂತರವನ್ನು ಜೋಡಿಸಿ ನೋಡುವ ಕಣ್ಣು ಮನೆಯ ವೈದ್ಯರದು.

ಎಷ್ಟು ಎಚ್ಚರವಿದ್ದರೂ ಅವಘಡ ಪೂರ್ತಿ ತಪ್ಪುವುದಿಲ್ಲ. ವೈದ್ಯರು ದೇವರಲ್ಲ, ಇ.ಸಿ.ಜಿ. ಪಂಚಾಂಗವಲ್ಲ. ಆದ್ದರಿಂದ ಅಂಗಳದಲ್ಲಿ ಒಬ್ಬನು ಕುಸಿದು, ಕೂಗಿದರೂ ಓಗೊಡದೆ ಉಸಿರು ನಿಂತಂತೆ ಕಂಡರೆ, ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಬಿಡದೆ ಒತ್ತಬೇಕು. 2021ರ ಜೂನ್‌ನಲ್ಲಿ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ನಡುವೆ ಕುಸಿದಾಗ ಅವರನ್ನು ಉಳಿಸಿದ್ದು ಮೈದಾನದಲ್ಲಿಯೇ ದೊರೆತ ಈ ಒತ್ತುವಿಕೆ ಮತ್ತು ವಿದ್ಯುತ್ ಆಘಾತದ ಯಂತ್ರ. ಹೃದಯಾಘಾತದ ರೋಗಿಗಳಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ರಾಜ್ಯ ಸರಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿದೆ. ಎದೆನೋವು ಬಂದಾಗ ಗ್ಯಾಸೆಂದು ಸೋಡಾ ಕುಡಿದು ಹೊತ್ತು ಕಳೆಯದೆ ಅಲ್ಲಿಗೆ ಧಾವಿಸುವುದು ನಮ್ಮ ಕೆಲಸ.

ಆರೋಗ್ಯದ ಕೀರ್ದಿ

ನಮ್ಮ ಮನೆಗಳಲ್ಲಿ ದೀಪಾವಳಿಗೆ ಹೊಸ ಕೀರ್ದಿ ಪುಸ್ತಕ ತರುವ ಪದ್ಧತಿಯಿದೆ. ಯಾರಿಗೆ ಎಷ್ಟು ಕೊಟ್ಟೆವು, ಯಾರಿಂದ ಎಷ್ಟು ಬರಬೇಕು ಎಂಬುದನ್ನು ಒಂದು ಪೈಸೆಯೂ ತಪ್ಪದಂತೆ ಬರೆದಿಡುತ್ತೇವೆ. ಇನ್ನೊಂದು ಪುಸ್ತಕವನ್ನೂ ಅಂದೇ ತರೋಣ ಎಂದು ನಮ್ಮ ಸೂಚನೆ. ಅದರಲ್ಲಿ ಮನೆಯ ಪ್ರತಿಯೊಬ್ಬರಿಗೂ ಎರಡು ಪುಟ. ಹುಟ್ಟಿದ ದಿನ, ಹಾಕಿಸಿದ ಲಸಿಕೆ, ವರ್ಷದ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಮೈಗೆ ಒಗ್ಗದ ಔಷಧಿಯ ಹೆಸರು. ಕೊನೆಯ ಪುಟದಲ್ಲಿ ಮನೆತನದಲ್ಲಿ ಯಾರು, ಯಾವ ವಯಸ್ಸಿನಲ್ಲಿ, ಯಾವುದರಿಂದ ತೀರಿಕೊಂಡರು ಎಂಬ ನಿಜವಾದ ಲೆಕ್ಕ. ಹಿರಿಯರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಬೇಕಾದ ಲೆಕ್ಕ ಅದು. ವೈದ್ಯರ ಬಳಿಗೆ ಹೋಗುವಾಗ ಈ ಪುಸ್ತಕ ಕೈಯಲ್ಲಿರಲಿ. ವೈದ್ಯರು ಬದಲಾದರೂ, ಊರು ಬದಲಾದರೂ ಮನೆತನದ ನೆನಪು ಬದಲಾಗದು.

ವೈದ್ಯರಲ್ಲಿ ನಮ್ಮದೊಂದು ಬಿನ್ನಹ. ಆರೋಗ್ಯವಾಗಿರುವ ಹುಡುಗ ಬಂದಾಗ ‘ನಿನಗೇನಾಗಿದೆ, ಹೋಗು’ ಎನ್ನದೆ ಅರ್ಧ ತಾಸು ಕೊಡಿರಿ. ಮನೆಯವರಲ್ಲಿಯೂ ಒಂದು ಬಿನ್ನಹ. ಚೀಟಿ ಬರೆಯದೆ, ಸೂಜಿ ಹಾಕದೆ ಬರಿಯ ಮಾತಿನಿಂದ ಬುದ್ಧಿ ಹೇಳಿದ ವೈದ್ಯರಿಗೂ ಅವರ ಫೀಯನ್ನು ಸಂತೋಷದಿಂದ ಸಲ್ಲಿಸಿರಿ. ಬಾರದೆ ಹೋದ ರೋಗಕ್ಕೆ ಬಿಲ್ಲು ಇರುವುದಿಲ್ಲ. ಆದ್ದರಿಂದಲೇ ಅದನ್ನು ತಡೆದವರ ಉಪಕಾರ ನಮಗೆ ಕಾಣುವುದಿಲ್ಲ.

ನಾಳೆ ನಸುಕಿನಲ್ಲಿಯೂ ಗುಡೂರಿನ ರಸ್ತೆಯ ಮೇಲೆ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ. ಆ ಮಕ್ಕಳು ಓಡಲಿ, ಗೆಲ್ಲಲಿ, ಸಮವಸ್ತ್ರ ತೊಟ್ಟು ಮನೆಗೆ ಬರಲಿ. ಅವರನ್ನು ನಿಲ್ಲಿಸಬೇಕೆಂದು ನಾವು ಇಷ್ಟೆಲ್ಲ ಬರೆಯಲಿಲ್ಲ. ಓಡಿದ ಪ್ರತಿಯೊಬ್ಬ ಮಗನೂ ಮಗಳೂ ಬಿಸಿ ರೊಟ್ಟಿಯ ಹೊತ್ತಿಗೆ ಮನೆಗೆ ಮರಳಬೇಕು ಎಂಬುದಷ್ಟೇ ನಮ್ಮ ಹಂಬಲ. ಈ ವಾರವೇ ಒಂದು ಸಂಜೆ ಬಿಡುವು ಮಾಡಿಕೊಂಡು, ಮಗುವಿನ ಕೈಹಿಡಿದು ನಿಮ್ಮ ಮನೆಯ ವೈದ್ಯರ ದವಾಖಾನೆಯ ಮೆಟ್ಟಿಲು ಹತ್ತಿರಿ.